ಧ್ವನಿಮುದ್ರಿಕೆಯೂ ಶ್ರೋತೃವಿನ ತೀರ್ಪೂ

ಧ್ವನಿಮುದ್ರಿಕೆಗಳನ್ನು ಕುರಿತ ಶ್ರೋತೃಗಳ ಅಭಿಪ್ರಾಯವನ್ನು ವಿಮರ್ಶೆಯ ಸಾಲಿನಲ್ಲಿ ಎಣಿಸುವ ವಾಡಿಕೆ ನಮ್ಮಲ್ಲಿ ಅಷ್ಟಾಗಿಲ್ಲ. ಎಣಿಸಬೇಕೆಂಬುದು ನಮ್ಮ ಮತ; ಆದರೆ ಒಂದು ಪ್ರಕಾರಕ್ಕೆ ಸಲ್ಲುವ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವ ದೋಷವನ್ನು ಮೊದಲು ಕಳೆಯಬೇಕು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದ, 1930ರಲ್ಲಿ ಮೈಸೂರಿನಲ್ಲಿ ಕಾಲವಾದ ಗೌಹರ್ ಜಾನ್ ಅವರ ಮುದ್ರಿಕೆಗಳಲ್ಲಿ ರಾಗವಿಸ್ತಾರವಿಲ್ಲವೆಂದು ಆಕ್ಷೇಪಿಸುವವರುಂಟು. ಸುಮಾರು ಮೂರು ನಿಮಿಷ ಹಿಡಿಯುತ್ತಿದ್ದ ತಟ್ಟೆಯಲ್ಲಿ ವಿಸ್ತಾರವನ್ನು ಅರಸುವುದು ಬಿಂದಿಗೆಯಲ್ಲಿ ಕೆರೆಯನ್ನು ಹುಡುಕಿದಂತೆ. ದೀರ್ಘವಾದನದ ಮುದ್ರಿಕೆಯ ಒಂದು ಮಗ್ಗುಲನ್ನೆಲ್ಲ ಮಾರ್ವಾ ರಾಗಕ್ಕೆ ಕೊಟ್ಟ ಅಮೀರ್ ಖಾನರನ್ನು ಈ ಪ್ರಶ್ನೆ ಕೇಳಬಹುದು. ಉತ್ತರವೂ ಅಲ್ಲಿಯೇ ದೊರೆಯುತ್ತದೆ.

ಭಾವಗೀತೆಯ ಮಾತು ಬೇರೆ. ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದಿತು. ಇಲ್ಲಿ ಕಾಲದ ಕೊರತೆಯಿಲ್ಲ, ಕವನವೇ ಚಿಕ್ಕದು. ಶ್ರೋತೃಗಳು ಮೆಚ್ಚಿದರು, ಕಂಠಸ್ಥ ಮಾಡಿಕೊಂಡರು. ಧಾಟಿಯು ಪದದ ಮೇಲೇರಿ ಕುಳಿತು ಅದರ ಸ್ವಂತ ಲಯವನ್ನು ಅಡಗಿಸುವುದೆಂಬುದು ಇಂತಹ ಗಾಯನದ ಮೇಲೆ ಕಾವ್ಯಾಭ್ಯಾಸಿಗಳ ದೂರು. ಅದನ್ನು ನಾವು ತಳ್ಳಿಹಾಕಲಾರೆವು. ಶೀರ್ಷಿಕೆಗೀತೆಯನ್ನು ಮೌನವಾಗಿ ಓದಹೊರಟಾಗಲೆಲ್ಲ ನಮ್ಮ ಕಿವಿಯಲ್ಲಿಯೂ ಅನಂತಸ್ವಾಮಿಯವರ ಧಾಟಿಯೇ ಮೊದಲು ಏಳುತ್ತದೆ! ಆದರೆ ಸಭೆಯ ಹಾಡು ಮುಗಿದುಹೋಗುತ್ತದೆ. ಮುದ್ರಿಕೆ ಮರಳಿ ಮರಳಿ ಒದಗುತ್ತದೆ. ಹತ್ತನೆಯ ಸಲ ಕೇಳುವವನು ಧಾಟಿಯನ್ನು ದಾಟಿ ಪದಕ್ಕೆ ಕಿವಿಗೊಟ್ಟಾನು. ಅವನ ಅಭಿಪ್ರಾಯವನ್ನು ಮೊದಲ ಸಲದ ಮೆಚ್ಚುಗೆಯೊಡನೆ ಬೆರೆಸಲಾಗದು. ಶ್ರೋತೃಗಳ ಅಭಿಪ್ರಾಯ ಸಂಗ್ರಹಿಸುವವರು, ಹೇಗಿತ್ತೆಂದು ಕೇಳುವ ಮೊದಲು, ಎಷ್ಟನೆಯ ಸಲ ಕೇಳಿದಿರೆಂಬುದನ್ನೂ ಕೇಳತಕ್ಕದ್ದು.