ಕಲ್ಲಿನ ಮಾತು ಅರ್ಧ ಕೇಳಿದರೆ

ಸಂಕ್ರಾಂತಿ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಬೆಂಗಳೂರಿನ ಗವಿ ಗಂಗಾಧರೇಶ್ವರನನ್ನು ಕುರಿತ ಲೇಖನಗಳೂ ತಪ್ಪದೆ ಬರುತ್ತವೆ. ಇಳಿಹೊತ್ತಿನ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾಯ್ದು ಗವಿಯೊಳಗಿನ ಲಿಂಗವನ್ನು ಮುಟ್ಟುವ ಸೋಜಿಗವನ್ನು ವರ್ಣಿಸಿ, ಪೂರ್ವಿಕರ ಜ್ಞಾನಕ್ಕೆ ಕೈಮುಗಿದು ಅವು ಮುಗಿಯುತ್ತವೆ. ಕೈಮುಗಿಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕಲ್ಲು ಹೇಳುವುದರಲ್ಲಿ ಅರ್ಧವನ್ನಷ್ಟೇ ಕೇಳಿ ಹೊಗಳುತ್ತಾರೆಂಬುದು ನನ್ನ ಆಕ್ಷೇಪ.

ಬೆಂಗಳೂರು ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಬಿಸಿಲು ವರ್ಷಕ್ಕೆ ಎರಡು ಸಲ ಬರುತ್ತದೆ: ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ಕೊನೆ ಮುಟ್ಟುವ ಸೂರ್ಯ, ಹೋಗುವಾಗ ತುಳಿದ ದಾರಿಯನ್ನೇ ಬರುವಾಗಲೂ ತುಳಿಯುತ್ತಾನಲ್ಲವೇ? ಜನವರಿಯ ಬಿಸಿಲಿಗೆ ಜನಜಾತ್ರೆ. ನವೆಂಬರಿನದಕ್ಕೆ ಆ ಸಂಭ್ರಮವಿಲ್ಲ. ಅಲ್ಲದೆ ನಮ್ಮ ಪಂಚಾಂಗ ಸಂಕ್ರಾಂತಿಯನ್ನು ನಕ್ಷತ್ರಗಳ ಲೆಕ್ಕದಿಂದ ಹಿಡಿಯುವುದರಿಂದ, ಋತುಗಳಿಗೆ ಹೋಲಿಸಿದರೆ ಅದು ಸುಮಾರು 72 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತದೆ. ಕೆಲವು ಶತಮಾನ ಕಳೆದರೆ ಬಿಸಿಲು ಬಂದು ಹೋದ ಮೇಲೆ ಹಬ್ಬ ಬಂದೀತು. ಆಗ ಈ ಲೇಖಕರು ಯಾವುದನ್ನು ಹೊಗಳುತ್ತಾರೆ?

ಮೆಕ್ಸಿಕೊ ದೇಶದ ಶೋಚಿಕಾಲ್ಕೊ ಎಂಬ ಹಳೆಯ ಪಟ್ಟಣದಲ್ಲೂ ಒಂದು ಗವಿಯುಂಟು. ಅದರ ಮಾಳಿಗೆಯಲ್ಲಿ ಕೊರೆದ ಕಂಡಿಯಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಸುಮಾರು 105 ದಿನ, ನಡುಹಗಲಿನ ಬಿಸಿಲು ಒಳಗೆ ಬೀಳುತ್ತದೆ. ವರ್ಷದಲ್ಲಿ ಉಳಿಯುವುದು 260 ದಿನ. ಆ ಜನರ ಪೂಜಾ ಪಂಚಾಂಗದ ಸಂಖ್ಯೆಯೂ ಅದೇ. ಈ ಹೊಂದಿಕೆ ಬೇಕೆಂದೇ ಮಾಡಿದ್ದೆಂದು ಹಲವು ವಿದ್ವಾಂಸರ ಎಣಿಕೆ. ಹಾಗಿದ್ದರೆ ಅಲ್ಲಿ ಬಿಸಿಲು ಬಂದ ದಿನದಷ್ಟೇ ಬೆಲೆ ಅದು ಹೋದ ದಿನಕ್ಕೂ ಇತ್ತು.

ನಾನಿರುವ ಸಂತೆಮರಹಳ್ಳಿಯಲ್ಲಿ ಇದನ್ನು ಪರೀಕ್ಷಿಸಲು ಗವಿಯೂ ಬೇಡ. ಏಪ್ರಿಲ್ 21ರ ಆಸುಪಾಸಿನಲ್ಲಿ, ಮತ್ತೆ ಆಗಸ್ಟ್ 21ರ ಆಸುಪಾಸಿನಲ್ಲಿ, ಸಂತೆಮಾಳದಲ್ಲಿ ನೆಟ್ಟಗೆ ನಿಲ್ಲಿಸಿದ ಗೂಟವೊಂದು ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ತನ್ನ ನೆರಳನ್ನು ಬುಡದಲ್ಲೇ ಅಡಗಿಸಿಕೊಳ್ಳುತ್ತದೆ. ಒಂದು ದಿನ ಕಂಡವನಿಗೆ ಅದು ಸೋಜಿಗ. ಎರಡನ್ನೂ ಕಂಡು ನಡುವಿನ ದಿನಗಳನ್ನು ಎಣಿಸಿದವನಿಗೆ ಶಾಸ್ತ್ರ. ಪೂರ್ವಿಕರು ಎಣಿಸಿದವರು. ಅವರನ್ನು ಹೊಗಳಲು ಹೊರಟವರು ನವೆಂಬರಿನಲ್ಲೂ ಒಮ್ಮೆ ಗವಿಗೆ ಹೋಗಿಬಂದು ಬರೆಯಲಿ.