ತಾರಸಿಯ ಬಟಾಟೆ, ಕರಾವಳಿಯ ರಾತ್ರಿ

ಮಂಗಳೂರಿನ ಫಳ್ನೀರಿನ ಹಳೆಯ ಕಂಪೌಂಡುಗಳಲ್ಲಿ ಹಿತ್ತಲೆಂದರೆ ನೆಲದ ಹಿತ್ತಲು. ಬಾವಿಕಟ್ಟೆಯ ಬದಿಗೆ ಕೆಸು, ಗೋಡೆಗೆ ತಾಗಿ ಬಸಳೆ ಚಪ್ಪರ, ಮೂಲೆಯಲ್ಲೊಂದು ಸುವರ್ಣಗೆಡ್ಡೆ. ಹಂಚಿನ ಮನೆಗಳಿದ್ದಲ್ಲಿ ಫ್ಲ್ಯಾಟುಗಳು ಎದ್ದಮೇಲೆ ಆ ಹಿತ್ತಲು ಗ್ರೋ ಬ್ಯಾಗುಗಳಲ್ಲಿ ತುಂಬಿಕೊಂಡು ತಾರಸಿ ಹತ್ತಿತು. ಬಸಳೆ, ಬೆಂಡೆ, ಅಲಸಂಡೆ, ಹೀರೆ ಹೊಸ ಜಾಗಕ್ಕೆ ಸುಲಭವಾಗಿ ಒಗ್ಗಿದವು. ಈಚೆಗೆ ಆ ಸಾಲಿಗೆ ಬಟಾಟೆಯೂ ಸೇರಿದೆ. ಮೊಳಕೆ ಬಂದ ಬಟಾಟೆಯನ್ನು ಗೋಣಿಯಲ್ಲಿ ನೆಡಿ, ಗಿಡ ಏರಿದಂತೆ ಮಣ್ಣನ್ನೂ ಏರಿಸಿ, ಮೂರು ತಿಂಗಳಿಗೆ ಗೋಣಿ ಮಗುಚಿದರೆ ಕಿಲೋಗಟ್ಟಲೆ ಗೆಡ್ಡೆ ಎಂಬ ಭರವಸೆ ತಾರಸಿ ಕೃಷಿಯ ಮಾತು ಬಂದಲ್ಲೆಲ್ಲ ಕೇಳುತ್ತದೆ. ಗೋಣಿಯಲ್ಲಿ ಬೆಳೆಯುವ ಪದ್ಧತಿ ನನಗೆ ಇಷ್ಟವೇ. ಆದರೆ ಅದರ ಜೊತೆಗೇ ಬಂದಿರುವ ಪಂಚಾಂಗ ಮತ್ತು ಲೆಕ್ಕ ಎರಡೂ ನಮ್ಮ ಊರಿನವಲ್ಲ.

ಕುಂಡ, ಡ್ರಮ್ಮು, ಗೋಣಿಗಳಲ್ಲಿ ಬಟಾಟೆ ಬೆಳೆಯುವುದು ಬ್ರಿಟನ್ನಿನಂಥ ತಂಪು ನಾಡುಗಳ ಮನೆಯಂಗಳದಲ್ಲಿ ಬೇರೂರಿದ ಹವ್ಯಾಸ. ಅಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ನೆಟ್ಟು ಬೇಸಿಗೆಯಲ್ಲಿ ಕೀಳುತ್ತಾರೆ. ಅವರ ಬೇಸಿಗೆಯ ರಾತ್ರಿ ನಮ್ಮ ಚಳಿಗಾಲದ ರಾತ್ರಿಗಿಂತಲೂ ತಂಪು. ಅದೇ ತಿಂಗಳನ್ನು ನಂಬಿ ಮಂಗಳೂರಿನಲ್ಲಿ ನೆಟ್ಟರೆ ಗಿಡ ಮೇ ತಿಂಗಳ ಧಗೆಗೆ ಬಾಡುತ್ತದೆ. ಬಾಡದೆ ಉಳಿದದ್ದು ಜೂನ್ ಮಳೆಗೆ ಕೊಳೆಯುತ್ತದೆ.

ಬಟಾಟೆಯ ವಿಷಯದಲ್ಲಿ ಹಗಲಿಗಿಂತ ರಾತ್ರಿ ಮುಖ್ಯ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿಯ ಒಳಗಿದ್ದರೆ ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿದು, ಮಣ್ಣಿನೊಳಗೆ ಅಡ್ಡ ಹಬ್ಬುವ ಬಿಳಿ ಕುಡಿಗಳ ತುದಿಯಲ್ಲಿ ಪಿಷ್ಟವಾಗಿ ತುಂಬಿಕೊಳ್ಳುತ್ತದೆ. 20 ದಾಟಿದಂತೆ ಗೆಡ್ಡೆ ಕಟ್ಟಲು ಗಿಡದೊಳಗೆ ಹೊರಡುವ ಸೂಚನೆಯೇ ಕುಂದುತ್ತದೆ. ಮಾಡಿದ ಸಕ್ಕರೆಯಲ್ಲಿ ಬಹುಪಾಲು ಉಸಿರಾಟಕ್ಕೂ ಸೊಪ್ಪಿಗೂ ಖರ್ಚಾಗುತ್ತದೆ. ಮೇಲೆ ಕಣ್ತುಂಬುವ ಹಸಿರು, ಮಗುಚಿದರೆ ಗೋಲಿ ಗಾತ್ರದ ನಾಲ್ಕು ಗೆಡ್ಡೆ: ನಮ್ಮಲ್ಲಿ ಅನೇಕರ ನಿರಾಸೆಗೆ ಕಾರಣ ಇದು. ಗೊಬ್ಬರ ಸಾಲಲಿಲ್ಲವೆಂದು ಇನ್ನಷ್ಟು ಸುರಿದರೆ ಸೊಪ್ಪು ಇನ್ನಷ್ಟು ಕೊಬ್ಬುತ್ತದೆ, ಅಷ್ಟೆ. ಮಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಯೂ ಸಾಮಾನ್ಯವಾಗಿ 20ರ ಆಚೀಚೆಯಲ್ಲೇ ನಿಲ್ಲುತ್ತದೆ. ಅಂದರೆ ಬಟಾಟೆ ಇಲ್ಲಿ ಅಸಾಧ್ಯವಲ್ಲ, ಸಾಧ್ಯತೆಯ ಅಂಚಿನಲ್ಲಿದೆ. ಚಳಿಗಾಲದ ಸಣ್ಣ ಹಗಲು ಗೆಡ್ಡೆ ಕಟ್ಟಲು ಅನುಕೂಲವೇ. ಎರಡೋ ಮೂರೋ ಡಿಗ್ರಿಯ ಉಳಿತಾಯದ ಮೇಲೆ ಎಲ್ಲವೂ ನಿಂತಿದೆ.

ಆದ್ದರಿಂದ ಯಾವ ಪಾತ್ರೆ ಎಂಬುದು ಇಲ್ಲಿ ಅಂದಚೆಂದದ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಕಪ್ಪು ಪ್ಲಾಸ್ಟಿಕ್ ಚೀಲ ಈ ಬೆಳೆಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಹಗಲಿಡೀ ಬಿಸಿಲು ಹೀರಿ ಬೇರನ್ನು ಬೇಯಿಸುತ್ತದೆ. ಅದರಡಿಯ ಕಾಂಕ್ರೀಟು ಸಂಜೆ ಕಳೆದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ಸೆಣಬಿನ ಗೋಣಿ ಒಂದೇ ಬೆಳೆಗೆ ಲಡ್ಡಾದರೂ ಮೈಯಿಂದ ನೀರಾರಿಸಿ ಮಣ್ಣನ್ನು ತಂಪಾಗಿಡುತ್ತದೆ. ಚೆನ್ನಾಗಿ ತೊಳೆದ ಬಿಳಿ ಸಿಮೆಂಟ್ ಚೀಲವೂ ಕಪ್ಪಿಗಿಂತ ವಾಸಿ. ಅಡಿಗೆ ನಾಲ್ಕು ಕೆಂಪುಕಲ್ಲಿನ ತುಂಡಿಟ್ಟು ಗಾಳಿಯಾಡಲು ಬಿಟ್ಟರೆ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಇಟ್ಟರೆ, ಬೇಕಾದ ಆ ಎರಡು ಡಿಗ್ರಿ ಸಿಗುವ ಸಂಭವವಿದೆ. ಆರು ಗಂಟೆ ಬಿಸಿಲಂತೂ ಬೇಕು. ಅಕ್ಕಪಕ್ಕದ ಕಟ್ಟಡಗಳು ಬೆಳಕು ನುಂಗಿರುವ ಬಾಲ್ಕನಿಯಲ್ಲಿ ಬಟಾಟೆಗೆ ಕೈಹಾಕುವುದೇ ಬೇಡ.

ಇನ್ನು ಕಿಲೋಗಟ್ಟಲೆಯ ಮಾತು. ಮಣ್ಣು ಏರಿಸಿದಷ್ಟೂ ಪದರ ಪದರವಾಗಿ ಗೆಡ್ಡೆ ಕಟ್ಟುತ್ತದೆ ಎಂಬ ನಂಬಿಕೆ ಎಷ್ಟು ಹಬ್ಬಿದೆಯೆಂದರೆ, ಆಳೆತ್ತರದ ಚೀಲಗಳನ್ನು ಅದಕ್ಕೆಂದೇ ಮಾರುತ್ತಾರೆ. ಬೇಗ ಬಲಿಯುವ ಹೆಚ್ಚಿನ ತಳಿಗಳು ನೆಟ್ಟ ತುಂಡಿನ ಸ್ವಲ್ಪ ಮೇಲೆ, ಬುಡದ ಕೆಲವು ಗಿಣ್ಣುಗಳಲ್ಲಿ ಮಾತ್ರ ಗೆಡ್ಡೆ ಹಿಡಿಯುತ್ತವೆ. ಮಣ್ಣು ಏರಿಸಲು ನಿಜವಾದ ಕಾರಣ ಬೇರೆ. ಬೆಳಕು ಬಿದ್ದ ಬಟಾಟೆ ಹಸಿರಾಗುತ್ತದೆ, ಅದರಲ್ಲಿ ಸೋಲನೈನ್ ಎಂಬ ವಿಷ ಹೆಚ್ಚುತ್ತದೆ. ಅದನ್ನು ತಡೆಯಲು ನಾಲ್ಕೈದು ಅಂಗುಲ ಮಣ್ಣು ಸಾಕು.

ಒಂದು ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ ಬಟಾಟೆಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 25 ಟನ್, ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಒಂದಡಿಗಿಂತ ತುಸು ಹೆಚ್ಚು ಅಗಲದ ಬಾಯಿಯ ಚೀಲವೊಂದು ಆಕ್ರಮಿಸುವುದು ಚದರ ಮೀಟರಿನ ಹತ್ತನೇ ಒಂದು ಭಾಗ. ಹೊಲದ ಲೆಕ್ಕದಲ್ಲಿ ಅದರ ಪಾಲು ಕಾಲು ಕಿಲೋ. ಚೀಲದ ಗಿಡ ಅಂಚಿನಾಚೆಗೂ ಎಲೆ ಚಾಚಿ ಬೆಳಕು ಹಿಡಿಯುತ್ತದೆ, ಆರೈಕೆಯೂ ಹೆಚ್ಚು. ಅದನ್ನೆಲ್ಲ ಒಪ್ಪಿ ದುಪ್ಪಟ್ಟು ಎಂದರೂ ಅರ್ಧ ಕಿಲೋ. ಅದೂ ತಂಪು ಬಯಲಿನ ಇಳುವರಿಯನ್ನು ನಮ್ಮ ಸೆಕೆಯಲ್ಲಿ ನಿರೀಕ್ಷಿಸಿದರೆ. ಮಣ್ಣು, ತೆಂಗಿನ ನಾರಿನ ಪುಡಿ, ಹಟ್ಟಿಗೊಬ್ಬರಕ್ಕೆ ಕೊಟ್ಟ ದುಡ್ಡಿಗೆ ಮಾರ್ಕೆಟಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಬಟಾಟೆ ಸಿಗುತ್ತದೆ. ಉಳಿತಾಯದ ಆಸೆ ತೋರಿಸಿ ಹೊಸಬರನ್ನು ಇದಕ್ಕೆ ಎಳೆಯುವುದು ತಪ್ಪು. ಆಗಷ್ಟೇ ಕಿತ್ತ, ಉಗುರು ತಾಗಿದರೆ ಸಿಪ್ಪೆ ಬಿಡುವ ಎಳೆಯ ಬಟಾಟೆಯ ರುಚಿಗಾಗಿ, ಮಕ್ಕಳು ಮಣ್ಣೊಳಗೆ ಕೈಹಾಕಿ ಊಟ ಹುಡುಕುವ ಸಂತೋಷಕ್ಕಾಗಿ ಬೆಳೆಯುವುದಾದರೆ ಅರ್ಧ ಕಿಲೋ ಕಡಿಮೆಯೇನಲ್ಲ. ಒಂದು ದಿನದ ಬಟಾಟೆ ಸೋಂಗಿಗೆ ಧಾರಾಳವಾಯಿತು.

ಗೋಣಿಯ ದೊಡ್ಡ ಗುಣವನ್ನು ಮಾತ್ರ ಯಾರೂ ಹೇಳುವುದಿಲ್ಲ. ಕರಾವಳಿಯ ನೆಲದಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡ ನಿಂತಲ್ಲೇ ಒಮ್ಮೆಲೇ ಸೊರಗಿ ಬೀಳುವುದನ್ನು ಕಾಣದವರಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಆ ಸೊರಗು ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಕುಟುಂಬದ ಬಟಾಟೆಯನ್ನೂ ಬಿಡುವುದಿಲ್ಲ. ಗೋಣಿಯಲ್ಲಾದರೆ ಮಣ್ಣನ್ನು ನಾವೇ ಆರಿಸಬಹುದು. ತರಗೆಲೆ, ಕಡ್ಡಿಗಳ ಜೊತೆ ಮಣ್ಣನ್ನು ಸುಟ್ಟು ಮಾಡುವ ನಮ್ಮ ಸುಡುಮಣ್ಣು ಇದಕ್ಕೆ ಹೇಳಿಮಾಡಿಸಿದ್ದು: ರೋಗಾಣು ಸಾಯುತ್ತದೆ, ಬೂದಿಯ ಪೊಟ್ಯಾಶ್ ಗೆಡ್ಡೆಗೆ ಒದಗುತ್ತದೆ. ಬದನೆ ಅಥವಾ ಮೆಣಸು ಬೆಳೆದಿದ್ದ ಚೀಲದ ಮಣ್ಣಿಗೆ ಬಟಾಟೆ ಹಾಕಬಾರದು. ಹೆಗ್ಗಣದ ಕಾಟವೂ ನೆಲದಷ್ಟು ತಾರಸಿಯಲ್ಲಿಲ್ಲ.

ಬೀಜದ ಬಗ್ಗೆ ಹಾಸನದ ರೈತರಿಂದ ಕಲಿಯುವುದಿದೆ. ಶಿರಾಡಿ ಘಾಟಿ ಹತ್ತಿದರೆ ಸಿಗುವ ಆ ಜಿಲ್ಲೆ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಮುಂಗಾರಿಗೆ ಬಿತ್ತುತ್ತಾರೆ. ಬೀಜ ಜಲಂಧರ್ ಕಡೆಯಿಂದ ಬರುತ್ತದೆ. ಅಂಗಮಾರಿ ಆ ಹೊಲಗಳನ್ನು ಮತ್ತೆಮತ್ತೆ ಸುಟ್ಟಿದೆ. ಬೀಜ ಕೆಟ್ಟರೆ ಏನಾಗುತ್ತದೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತದ್ದನ್ನು ನೆಡುವ ನಾವು ತಳಿ ಯಾವುದೆಂದೂ ಕೇಳುವುದಿಲ್ಲ, ರೋಗ ಇದೆಯೇ ಎಂದೂ ನೋಡುವುದಿಲ್ಲ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಸೆಕೆ ತಾಳುವ ಕುಫ್ರಿ ಸೂರ್ಯ ತಳಿಯನ್ನು 2006ರಲ್ಲೇ ಬಿಡುಗಡೆ ಮಾಡಿತು. ರಾತ್ರಿ 20 ಡಿಗ್ರಿ ಇದ್ದರೂ ಗೆಡ್ಡೆ ಕಟ್ಟಬಲ್ಲದು. ಮಂಗಳೂರಿಗೆ ಹೊಂದುವ ತಳಿ ಇಂಥದ್ದು. ಕದ್ರಿ ಪಾರ್ಕಿನಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಊರಿನ ಕೈತೋಟದವರೆಲ್ಲ ಬರುತ್ತಾರೆ. ಒಬ್ಬೊಬ್ಬರಿಗೆ ಹತ್ತು ಗೆಡ್ಡೆಯಂತೆ ಇಂಥ ಬೀಜ ಕೊಡುವ ವ್ಯವಸ್ಥೆಯಾದರೆ ಎಷ್ಟೋ ಗೋಣಿಗಳ ಶ್ರಮ ಉಳಿದೀತು.

ನೆಡುವ ಕಾಲ ದೀಪಾವಳಿ ಕಳೆದು, ಗುಡುಗಿನ ಮಳೆ ನಿಂತ ಮೇಲೆ. ಆಗ ಗೆಡ್ಡೆ ತುಂಬುವ ವಾರಗಳು ವರ್ಷದ ಅತಿ ತಂಪು ರಾತ್ರಿಗಳಿಗೆ ಸರಿಹೊಂದುತ್ತವೆ. ಫೆಬ್ರವರಿಯಲ್ಲಿ ಕಿತ್ತು ಮುಗಿಸಿದರೆ, ತುಂಬೆಯ ಅಣೆಕಟ್ಟಿನ ನೀರಿಗೆ ಊರು ಪರದಾಡುವ ತಿಂಗಳುಗಳು ಬರುವ ಮೊದಲೇ ಬೆಳೆ ಕೈಸೇರಿರುತ್ತದೆ. ಚಳಿಗಾಲದ ಒಣಹವೆಯಲ್ಲಿ ಅಂಗಮಾರಿಯ ಭಯವೂ ಕಡಿಮೆ. ನೀರು ಮಾತ್ರ ತಪ್ಪಬಾರದು. ಒಮ್ಮೆ ಒಣಗಿಸಿ ಒಮ್ಮೆ ಸುರಿದರೆ ಗೆಡ್ಡೆ ಸೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ಇನ್ನೊಂದು ಗೆಡ್ಡೆಯತ್ತ ವಾಲುತ್ತದೆ: ಸಾಂಬ್ರಾಣಿ ಗೆಡ್ಡೆ. ಕೊಂಕಣಿಗರ ಮನೆಯಲ್ಲಿ ಇದೇ ಕೂಕ. ದೊಡ್ಡಪತ್ರೆಯ ಹತ್ತಿರದ ಸಂಬಂಧಿ. ಎಲೆಗೂ ಗೆಡ್ಡೆಗೂ ತನ್ನದೇ ಪರಿಮಳ. ಆಟಿ ತಿಂಗಳ ಮಳೆಯಲ್ಲಿ ಬಳ್ಳಿಯ ತುಂಡು ನೆಟ್ಟರೆ ಡಿಸೆಂಬರ್-ಜನವರಿಗೆ ಗೆಡ್ಡೆ. ಬಟಾಟೆ ಹೆದರುವ ಸೆಕೆಯೂ ತೇವವೂ ಇದಕ್ಕೆ ಬೇಕಾದದ್ದು. ತಿರುವನಂತಪುರದ ಗೆಡ್ಡೆಬೆಳೆ ಸಂಶೋಧನಾ ಸಂಸ್ಥೆ ಇದರಲ್ಲಿ ಶ್ರೀಧರ ಎಂಬ ತಳಿಯನ್ನೂ ಕೊಟ್ಟಿದೆ. ಇದರ ಮುಖ್ಯ ಶತ್ರು ಬೇರುಗಂಟು ಮಾಡುವ ಜಂತುಹುಳು. ಹೊಸ ಮಣ್ಣಿನ ಗೋಣಿಯಲ್ಲಿ ಅದರ ಕಾಟವೂ ಕಡಿಮೆ. ಸಣ್ಣ ಗೆಡ್ಡೆಗಳ ಸಿಪ್ಪೆ ತೆಗೆಯುವುದು ಬೇಸರದ ಕೆಲಸವೆಂದೇ ಮನೆಗಳು ಇದನ್ನು ದೂರವಿಟ್ಟಿವೆ. ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ಅದೂ ಹಗುರ. 2024ರ ಜನವರಿಯಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗ ಮಂಗಳೂರಿನಲ್ಲಿ ಗೆಡ್ಡೆ-ಗೆಣಸುಗಳ ಮೇಳವನ್ನೇ ನಡೆಸಿತು. ಇಂಥ ಬೆಳೆಗಳನ್ನು ಪೇಟೆಯ ತಾರಸಿಗೆ ತರುವ ದಾರಿ ಅದು.

ಹತ್ತು ಗೋಣಿಗೆ ಜಾಗವಿದ್ದವರಿಗೆ ನನ್ನ ಸಲಹೆ ಇಷ್ಟು: ಎಂಟಕ್ಕೆ ಆಟಿಯಲ್ಲಿ ಸಾಂಬ್ರಾಣಿ ಬಳ್ಳಿ, ಎರಡು ದೀಪಾವಳಿಯ ನಂತರ ಬಟಾಟೆಗೆ. ಒಂದೇ ಗೋಣಿಯಲ್ಲಿ ಒಂದರ ಹಿಂದೆ ಇನ್ನೊಂದನ್ನು ಬೆಳೆಯಲು ಹೋಗುವುದು ಬೇಡ. ಸಾಂಬ್ರಾಣಿ ಕಿತ್ತು ಮುಗಿಯುವಾಗ ಜನವರಿ ಬಂದಿರುತ್ತದೆ, ಆಗ ನೆಟ್ಟ ಬಟಾಟೆ ಗೆಡ್ಡೆ ಕಟ್ಟುವ ಹೊತ್ತಿಗೆ ತಂಪು ರಾತ್ರಿಗಳು ಕಳೆದಿರುತ್ತವೆ.