ಎದುರು ಕೂತವರ ಕಿವಿ

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲಿನಲ್ಲಿ ಎದುರುಬದುರು ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು, ನಡುವೆ ಪದ್ಯ ಹಾಡುವ ಭಾಗವತರು. ಬರೆದಿಟ್ಟದ್ದು ಪ್ರಸಂಗದ ಪದ್ಯವಷ್ಟೇ. ಮಾತೆಲ್ಲ ಆ ಕ್ಷಣದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತಿನ ಓಘವನ್ನು ಎಲ್ಲರೂ ಕೊಂಡಾಡುತ್ತಾರೆ, ಸರಿಯೇ. ನನ್ನ ಕಣ್ಣು ಹೋಗುವುದು ಮಾತ್ರ ಆ ಹೊತ್ತಿಗೆ ಸುಮ್ಮನೆ ಕೂತವರ ಕಡೆಗೆ. ವಾಲಿವಧೆ ಪ್ರಸಂಗದಲ್ಲಿ ರಾಮನ ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೆಣಕುವಾಗ ರಾಮನಾದವರು ತಮ್ಮ ಉತ್ತರವನ್ನೇ ಹೊಂದಿಸುತ್ತಿದ್ದರೆ ಕೆಟ್ಟಿತು. ಕೊನೆಯ ಶಬ್ದದ ತನಕ ಕೇಳಿ, ಅದನ್ನೇ ಹಿಡಿದು ಎತ್ತಬೇಕು. ನಡುವೆ ಒಂದು ‘ಹೂಂ’, ಚೂರು ಏರಿದ ಹುಬ್ಬು ಸಾಕು, ವಾಲಿಯ ವಾದ ಇನ್ನಷ್ಟು ಮೊನಚಾಗುತ್ತದೆ. ಬಾಯಿಪಾಠ ಒಪ್ಪಿಸುವವರು ಸಿಕ್ಕರೆ ಚಹಾಕ್ಕೆ ಎದ್ದು ಹೋಗುವುದೇ ಲೇಸು. ಕರಾವಳಿಯ ರಸಿಕರು ಹಾಗೆ ಹೋಗುತ್ತಾರೆ ಕೂಡ.